ಎಂಸಿಬಿ ಎಷ್ಟು ಹೊತ್ತಿಗೆ ಬಿತ್ತು, ಫ್ಯೂಸ್ ಹೇಗೆ ಸುಟ್ಟಿತು

ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಪದೇ ಪದೇ ಬೀಳ್ತಾ ಇದೆ ಎಂದು ಯಾರಾದರೂ ಕರೆದರೆ ನಾನು ಮೊದಲು ಕೇಳುವುದು, ಸ್ವಿಚ್ ಹಾಕಿದ ಎಷ್ಟು ಹೊತ್ತಿಗೆ ಬೀಳುತ್ತದೆ ಎಂದು. ಹಾಕಿದ ಕೂಡಲೇ ಟಪ್ಪೆಂದು ಬಿದ್ದರೆ ಒಂದು ಕಾಯಿಲೆ, ಅರ್ಧ ಗಂಟೆ ನಡೆದು ಬಿದ್ದರೆ ಇನ್ನೊಂದು, ಮಳೆ ಹಿಡಿದ ದಿನ ಮಾತ್ರ ಬಿದ್ದರೆ ಮತ್ತೊಂದು. ಇಷ್ಟು ತಿಳಿದರೆ ಡಿಬಿ ಬಾಕ್ಸ್ (ಎಂಸಿಬಿಗಳನ್ನು ಕೂರಿಸಿದ ಪೆಟ್ಟಿಗೆ) ಬಿಚ್ಚುವ ಮೊದಲೇ ಅರ್ಧ ಕೆಲಸ ಆದಂತೆ.

ಎಂಸಿಬಿಯೊಳಗೆ ಇಬ್ಬರು ಕಾವಲುಗಾರರಿದ್ದಾರೆ. ಒಬ್ಬ ನಿಧಾನಿ: ಎರಡು ಲೋಹ ಬೆಸೆದ ಪಟ್ಟಿ. ಕರೆಂಟ್ ಹೆಚ್ಚಾದರೆ ಬಿಸಿಯಾಗಿ ಬಾಗಿ ಕೊಂಡಿ ತಪ್ಪಿಸುತ್ತದೆ. ಇನ್ನೊಬ್ಬ ಮುಂಗೋಪಿ: ಒಂದು ಸುರುಳಿ. ಶಾರ್ಟ್ ಆದಾಗ ಅಯಸ್ಕಾಂತವಾಗಿ ಕಣ್ಣು ಮಿಟುಕಿಸುವುದರೊಳಗೆ ಎಳೆದು ಬೀಳಿಸುತ್ತದೆ. ಮೇಲೆ ‘ಸಿ16’ ಎಂದು ಬರೆದಿದ್ದರೆ 16 ಆಂಪಿಯರ್ ಪಟ್ಟಿಯ ಲೆಕ್ಕ, ‘ಸಿ’ ಸುರುಳಿಯ ಲೆಕ್ಕ. ಬಿ ಮಾದರಿಯ ಸುರುಳಿ ಬರೆದ ಆಂಪಿಯರಿನ 3ರಿಂದ 5 ಪಟ್ಟು ಕರೆಂಟಿಗೆ ಎಳೆಯುತ್ತದೆ, ಸಿ 5ರಿಂದ 10 ಪಟ್ಟು ಕರೆಂಟಿಗೆ, ಡಿ 10ರಿಂದ 20 ಪಟ್ಟು ಕರೆಂಟಿಗೆ. 1 ಎಚ್‌ಪಿ ಸಂಪ್ ಮೋಟಾರ್ ಓಡುವಾಗ 7 ಆಂಪಿಯರ್ ಆಸುಪಾಸು ಎಳೆದರೂ ಶುರುವಾಗುವ ಕ್ಷಣದಲ್ಲಿ 40 ಮುಟ್ಟಬಹುದು. ಅದಕ್ಕೆ ಬಿ10 ಹಾಕಿದರೆ ಸ್ವಿಚ್ ಒತ್ತಿದಾಗಲೆಲ್ಲ ಬೀಳಬಹುದು. ಮೋಟಾರಿನಲ್ಲಿ ದೋಷವಿಲ್ಲ, ಸಿ10 ಹಾಕಿದರೆ ಸರಿಹೋಗುತ್ತದೆ.

16 ಆಂಪಿಯರ್ ಎಂದರೆ 16 ದಾಟಿದ ಕೂಡಲೇ ಬೀಳುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಮಾನದಂಡದ ಪ್ರಕಾರ 1.13 ಪಟ್ಟು, ಅಂದರೆ 18 ಆಂಪಿಯರ್‌ವರೆಗೆ ಒಂದು ಗಂಟೆ ಬೀಳಬಾರದು, 1.45 ಪಟ್ಟು, ಅಂದರೆ 23 ದಾಟಿದರೆ ಒಂದು ಗಂಟೆಯೊಳಗೆ ಬೀಳಲೇಬೇಕು. ನಡುವಿನದು ಎಂಸಿಬಿಯ ಮರ್ಜಿ. ಅಡುಗೆಮನೆಯ ಒಂದೇ ಲೈನಿನಲ್ಲಿ 2000 ವ್ಯಾಟ್ ಇಂಡಕ್ಷನ್ ಒಲೆ, 1500 ವ್ಯಾಟ್ ಕೆಟಲ್, 1200 ವ್ಯಾಟ್ ಎಳೆಯುವ ಮೈಕ್ರೋವೇವ್ ಒಟ್ಟಿಗೆ ಓಡಿದರೆ 4700 ವ್ಯಾಟ್. 230 ವೋಲ್ಟಿಗೆ ಭಾಗಿಸಿದರೆ 20 ಆಂಪಿಯರ್ ಚಿಲ್ಲರೆ. ಒಂದು ದಿನ ತಿಂಡಿ ಮುಗಿಯುವವರೆಗೂ ನಡೆಯುತ್ತದೆ, ಇನ್ನೊಂದು ದಿನ ಒಗ್ಗರಣೆ ಹಾಕುವಾಗ ಬೀಳುತ್ತದೆ. ಪಟ್ಟಿಯ ಲೆಕ್ಕ 30 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು. ಪಶ್ಚಿಮದ ಬಿಸಿಲು ಹೊಡೆಯುವ ಗೋಡೆಯಲ್ಲಿ ಬಾಕ್ಸ್ ಇದ್ದರೆ ಬೇಸಿಗೆಯಲ್ಲಿ ಇನ್ನೂ ಬೇಗ. ಹೀಗೆ ಬಿದ್ದದ್ದನ್ನು ತಕ್ಷಣ ಎತ್ತಿದರೆ ನಿಲ್ಲುವುದಿಲ್ಲ. ಎರಡು ಮೂರು ನಿಮಿಷ ಆರಲು ಬಿಟ್ಟು, ಗುಂಡಿಯನ್ನು ಪೂರ್ತಿ ಕೆಳಗೆ ಒತ್ತಿ, ಆಮೇಲೆ ಮೇಲೆತ್ತಬೇಕು.

ಆಗ ಬರುವ ಸಲಹೆ ಒಂದೇ: ‘32ರದ್ದು ಹಾಕಿಬಿಡಿ.’ ಗೋಡೆಯೊಳಗಿರುವುದು 2.5 ಸ್ಕ್ವೇರ್ (ಚದರ ಮಿಮೀ) ವೈರ್. 32ರ ಎಂಸಿಬಿ 36 ಆಂಪಿಯರ್ ಹೋಗಲು ಬಿಟ್ಟು ಸುಮ್ಮನಿರುತ್ತದೆ, ಪೈಪಿನೊಳಗೆ ವೈರಿನ ಹೊದಿಕೆ ಮೆತ್ತಗಾಗುತ್ತಾ ಹೋಗುತ್ತದೆ. ಎಂಸಿಬಿ ಕಾಯುವುದು ವೈರನ್ನು, ಮಿಕ್ಸಿಯನ್ನಲ್ಲ. (ಮಿಕ್ಸಿಗೆ ಅದರದೇ ರಕ್ಷಣೆ ಇದೆ. ಹಿಟ್ಟು ಗಟ್ಟಿಯಾಗಿ ನಿಂತುಹೋದರೆ ಅಡಿ ತಿರುಗಿಸಿ ನೋಡಿ, ಕೆಂಪು ಗುಂಡಿ ಇರುತ್ತದೆ. ಆರಿದ ಮೇಲೆ ಒತ್ತಿ.) ನಾನು ಹಾಕುವ ಜೋಡಿ ಇದು: ಲೈಟ್ ಲೈನಿಗೆ 1.5 ಸ್ಕ್ವೇರ್ ವೈರ್, 6 ಅಥವಾ 10 ಆಂಪಿಯರ್. ಪವರ್ ಪ್ಲಗ್‌ಗೆ 2.5, 16 ಆಂಪಿಯರ್. ಗೀಸರ್, ಎಸಿಗಳಿಗೆ ತಲಾ ಬೇರೆ ಲೈನ್, 4 ಸ್ಕ್ವೇರ್, 20 ಆಂಪಿಯರ್.

ಲೋಡ್ ಕಡಿಮೆ ಇದ್ದೂ ಬೀಳುತ್ತಿದ್ದರೆ ಕ್ಲ್ಯಾಂಪ್ ಮೀಟರ್ (ವೈರಿನ ಸುತ್ತ ಹಿಡಿದು ಕರೆಂಟ್ ಅಳೆಯುವ ಸಾಧನ) ಹಾಕುತ್ತೇನೆ. 10 ಆಂಪಿಯರಿಗೇ 16ರ ಎಂಸಿಬಿ ಬಿದ್ದರೆ ಬಹುಪಾಲು ಸಲ ಸ್ಕ್ರೂ ಸಡಿಲ. ಸಡಿಲ ಜಾಗ ಬಿಸಿಯಾಗುತ್ತದೆ, ಆ ಬಿಸಿ ಒಳಗಿನ ಪಟ್ಟಿಗೆ ಹತ್ತುತ್ತದೆ. ಮೇನ್ ಆಫ್ ಮಾಡಿ, ಮಲ್ಟಿಮೀಟರಿನಲ್ಲಿ ಸೊನ್ನೆ ನೋಡಿ, ಆಮೇಲೆ ಸ್ಕ್ರೂ ಮುಟ್ಟಿ. ಟೆಸ್ಟರ್ ದೀಪ ಉರಿಯಲಿಲ್ಲ ಎಂಬುದನ್ನು ನಾನು ನಂಬುವುದಿಲ್ಲ. ಹೊಸಬರು ಮಾಡುವ ತಪ್ಪು ಒಂದಿದೆ: ವೈರ್ ಕ್ಲ್ಯಾಂಪಿನ ಒಳಗೆ ಹೋಗದೆ ಹಿಂದೆ ಹೋಗಿರುತ್ತದೆ. ಸ್ಕ್ರೂ ಬಿಗಿಯಾಗಿದೆ ಅನ್ನಿಸುತ್ತದೆ, ಹಿಡಿದದ್ದು ಗಾಳಿಯನ್ನು. ಪ್ರತಿ ವೈರನ್ನೂ ಎಳೆದು ನೋಡುವುದೇ ಪರೀಕ್ಷೆ.

ಮಳೆಗಾಲದ ಕಾಯಿಲೆ ಆರ್‌ಸಿಸಿಬಿಯದು (ಕರೆಂಟ್ ಸೋರಿದರೆ ಬೀಳುವ ಸ್ವಿಚ್). ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಅದು ಬೀಳಬೇಕು. ಓವರ್‌ಲೋಡಿಗೆ ಅದಕ್ಕೂ ಸಂಬಂಧವಿಲ್ಲ. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಎತ್ತಿ, ಒಂದೊಂದಾಗಿ ಹಾಕುತ್ತಾ ಹೋದರೆ ಕಳ್ಳ ಸಿಗುತ್ತಾನೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ನಾನು ಮೊದಲು ಅನುಮಾನಿಸುವುದು ಸುಣ್ಣ ಕಟ್ಟಿದ ಗೀಸರ್ ಕಾಯಿಲನ್ನು. ಎಲ್ಲ ಎಂಸಿಬಿ ಇಳಿಸಿದರೂ ಬೀಳುತ್ತಿದ್ದರೆ? ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಕೂಡಿಯೇ ಇರುತ್ತದೆ. ಎಲ್ಲೋ ನ್ಯೂಟ್ರಲ್ ಅರ್ಥಿಂಗ್ ವೈರಿಗೆ ತಾಗಿದೆ ಎಂದರ್ಥ. ಪ್ಲಗ್‌ಗಳನ್ನೆಲ್ಲ ಕಿತ್ತು, ಮೇನ್ ಇಳಿಸಿ, ನ್ಯೂಟ್ರಲ್ ಬಾರಿನಿಂದ ಒಂದೊಂದೇ ವೈರ್ ಬಿಡಿಸಿ ಹುಡುಕಬೇಕು. ಯುಪಿಎಸ್ ಹಾಕಿಸಿದ ದಿನದಿಂದಲೇ ಶುರುವಾದರೆ ಹುಡುಕಾಟ ಬೇಡ: ಫೇಸ್ ಆರ್‌ಸಿಸಿಬಿ ಮೂಲಕ ಹೋಗಿ ನ್ಯೂಟ್ರಲ್ ಬೇರೆ ದಾರಿಯಲ್ಲಿ ವಾಪಸ್ ಬರುತ್ತಿದೆ.

ಹಳೆ ಮನೆಗಳಲ್ಲಿ ಇನ್ನೂ ಪಿಂಗಾಣಿ ಫ್ಯೂಸ್ ಇದೆ. 5 ಆಂಪಿಯರಿಗೆ 0.2 ಮಿಮೀ ತವರ ಲೇಪಿಸಿದ ತಾಮ್ರದ ತಂತಿ, 15ಕ್ಕೆ 0.5 ಮಿಮೀ. ಜನ ಹಾಕುವುದು ವೈರಿನಿಂದ ಕಿತ್ತ ಎಳೆ. ಅದು 0.3 ಮಿಮೀ, ಒಂದೇ ಎಳೆ ಕರಗಲು 13 ಆಂಪಿಯರ್ ಬೇಕು. ಮೂರು ಹೊಸೆದರೆ 40ರ ಹತ್ತಿರ. ಹೋದ ಫ್ಯೂಸನ್ನು ಓದುವುದನ್ನೂ ಕಲಿಯಬೇಕು: ಪಿಂಗಾಣಿಗೆ ತಾಮ್ರ ಸಿಡಿದು ಕಪ್ಪಾಗಿದ್ದರೆ ಶಾರ್ಟ್, ತಂತಿ ನಡುವೆ ತಣ್ಣಗೆ ತುಂಡಾಗಿದ್ದರೆ ಓವರ್‌ಲೋಡ್ ಅಥವಾ ವಯಸ್ಸು. ಮೀಟರಿಗೆ ಮೊದಲಿನ ಕಟೌಟ್ (ಅಲ್ಲಿನ ಫ್ಯೂಸ್) ಮಾತ್ರ ಮುಟ್ಟಬೇಡಿ, ಅದು ಲೈನ್‌ಮ್ಯಾನ್ ಕೆಲಸ.

ಕಾರಿನ ಬ್ಲೇಡ್ ಫ್ಯೂಸಿಗೂ ಅದೇ ಓದು. ಬಣ್ಣ ನೋಡಿದರೆ ಆಂಪಿಯರ್ ಗೊತ್ತಾಗುತ್ತದೆ: ಕಂದು 7.5, ಕೆಂಪು 10, ನೀಲಿ 15, ಹಳದಿ 20, ಬಣ್ಣವಿಲ್ಲದ್ದು 25, ಹಸಿರು 30. ಒಳಗಿನ ತಂತಿ ಸರಿಯಿದ್ದು ಪ್ಲಾಸ್ಟಿಕ್ ಕರಗಿದ್ದರೆ ಫ್ಯೂಸ್ ತಪ್ಪಿಲ್ಲ, ಕೂರುವ ಸಾಕೆಟ್ ಸಡಿಲ. ತಲೆಯ ಮೇಲಿನ ಎರಡು ಲೋಹದ ಚುಕ್ಕೆಗಳಿಗೆ 12 ವೋಲ್ಟಿನ ಟೆಸ್ಟ್ ಲ್ಯಾಂಪನ್ನು ಒಂದೊಂದಾಗಿ ಹಿಡಿದರೆ ಕೀಳದೆಯೇ ಪರೀಕ್ಷೆ ಆಗುತ್ತದೆ: ಎರಡರಲ್ಲೂ ಉರಿದರೆ ಸರಿ, ಒಂದರಲ್ಲೇ ಉರಿದರೆ ಹೋಗಿದೆ.

ಫಾಗ್ ಲ್ಯಾಂಪ್ ಹಾಕುವವರಿಗೆ ಲೆಕ್ಕ: 55 ವ್ಯಾಟಿನ ಎರಡು, 110 ಭಾಗಿಸು 12, ಅಂದರೆ 9.2 ಆಂಪಿಯರ್. 10ರ ಫ್ಯೂಸ್ ಸದಾ ಬಿಸಿಯಾಗಿದ್ದು ಬೇಗ ಹೋಗುತ್ತದೆ. ಲೋಡ್ ಫ್ಯೂಸಿನ ಮುಕ್ಕಾಲು ಭಾಗ ದಾಟಬಾರದು. 15 ಹಾಕಿ, ವೈರ್ 2.5 ಸ್ಕ್ವೇರ್, ನಡುವೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಾಕಿ ತೆಗೆಯುವ ಸ್ವಿಚ್). ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗಿರಲಿ. ಲ್ಯಾಂಪಿನ ಹತ್ತಿರ ಹಾಕಿದರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರಿಗೆ ಕಾವಲೇ ಇಲ್ಲ.

ಹೊಸ ಫ್ಯೂಸ್ ಹಾಕಿದ ಕೂಡಲೇ ಹೋಗುತ್ತಿದ್ದರೆ ಒಂದರ ಮೇಲೊಂದು ಸುಡುತ್ತಾ ಕೂರಬೇಡಿ. ಫ್ಯೂಸಿನ ಜಾಗಕ್ಕೆ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಎರಡು ವೈರಿನಲ್ಲಿ ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, 1.75 ಆಂಪಿಯರಿಗಿಂತ ಹೆಚ್ಚು ಹೋಗಲು ಬಿಡುವುದಿಲ್ಲ. ಆಮೇಲೆ ಆ ಲೈನಿನ ಕನೆಕ್ಟರ್‌ಗಳನ್ನು ಒಂದೊಂದಾಗಿ ಬಿಡಿಸಿ, ವೈರ್ ಕಟ್ಟನ್ನು ಅಲ್ಲಾಡಿಸಿ. ಬಲ್ಬ್ ಆರಿದಲ್ಲಿ ದೋಷ. ಮೊದಲು ನೋಡುವ ಜಾಗಗಳು: ಡಿಕ್ಕಿ ಬಾಗಿಲಿನ ಕೀಲು, ಟೈಲ್ ಲ್ಯಾಂಪ್ ಹೋಲ್ಡರ್, ಬಾನೆಟ್ ಕೆಳಗೆ ಇಲಿ ಕಡಿದ ಕಡೆ. ಏರ್‌ಬ್ಯಾಗ್ ಎಂದು ಬರೆದ ಫ್ಯೂಸಿನ ಜಾಗದಲ್ಲಿ ಮಾತ್ರ ಈ ಬಲ್ಬಿನ ಉಪಾಯ ಬೇಡವೇ ಬೇಡ.