ಅರ್ಧ ಮಿಲಿಮೀಟರಿನ ಲೆಕ್ಕ

ಚಾಮರಾಜಪೇಟೆಯ ಒಂದು ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ 22 ವರ್ಷಗಳಿಂದ ಕಟಿಂಗ್ ಮಷೀನಿನ ಮುಂದೆ ನಿಂತು ಲಗ್ನಪತ್ರಿಕೆ, ಪಂಚಾಂಗ, ರಸೀದಿ ಪುಸ್ತಕಗಳ ಅಂಚು ಕತ್ತರಿಸುತ್ತಾ ಬಂದಿರುವ ನನಗೆ, ಇಸ್ಪೀಟಿನ ಎಲೆಯೊಂದರ ಅಂಚಿನಿಂದ ಅರ್ಧ ಮಿಲಿಮೀಟರು ತೆಗೆಯುವುದು ಏನು ಮಹಾ ಕೆಲಸ ಎಂದು ಮೊದಲು ಅನ್ನಿಸಿತ್ತು. ಭಾನುವಾರಗಳಲ್ಲಿ ಮಕ್ಕಳ ಹುಟ್ಟುಹಬ್ಬ, ಶಾಲೆಯ ವಾರ್ಷಿಕೋತ್ಸವ, ಬಡಾವಣೆಯ ಗಣೇಶೋತ್ಸವ ಎಂದು ಸಣ್ಣ ಮಟ್ಟದಲ್ಲಿ ಜಾದೂ ಮಾಡುವ ಹವ್ಯಾಸ ನನಗೆ ಬಹಳ ಕಾಲದಿಂದ ಇದೆ. ಆದರೆ ಕತ್ತರಿಸಿದ ಎಲೆಗಳನ್ನು ನೆಚ್ಚಿಕೊಂಡು ಜನರ ಮುಂದೆ ಧೈರ್ಯವಾಗಿ ಕೂರುವ ಮಟ್ಟಕ್ಕೆ ಬರಲು ಆರು ವರ್ಷ ಹಿಡಿಯಿತು. ಆ ಆರು ವರ್ಷಗಳಲ್ಲಿ ನಾನು ಕಲಿತದ್ದು ಹೇಗೆ ಕತ್ತರಿಸಬೇಕು ಎಂಬುದಕ್ಕಿಂತ ಹೆಚ್ಚಾಗಿ ಎಷ್ಟು ಕಡಿಮೆ ಕತ್ತರಿಸಬೇಕು ಎಂಬುದನ್ನು.

ಜಾದೂಗಾರರು ಹೆಚ್ಚಾಗಿ ಬಳಸುವ ದೊಡ್ಡ ಅಳತೆಯ ಎಲೆ 63.5 ಮಿಲಿಮೀಟರು ಅಗಲ, 88.9 ಮಿಲಿಮೀಟರು ಉದ್ದ ಇರುತ್ತದೆ. ದಪ್ಪ ಸುಮಾರು 0.3 ಮಿಲಿಮೀಟರು; 52 ಎಲೆಗಳ ಕಟ್ಟು ಹೆಚ್ಚುಕಡಿಮೆ 16 ಮಿಲಿಮೀಟರು ಎತ್ತರ ನಿಲ್ಲುತ್ತದೆ. ಇದರಲ್ಲಿ ಒಂದೇ ಒಂದು ಎಲೆಯ ಉದ್ದವನ್ನು ತುಸು ಕಡಿಮೆ ಮಾಡಿದರೆ ಅದು ಗಿಡ್ಡೆಲೆ. ಕಟ್ಟನ್ನು ಎಡಗೈಯಲ್ಲಿ ಹಿಡಿದು, ಬಲಗೈ ಹೆಬ್ಬೆರಳಿನಿಂದ ತುದಿಯನ್ನು ಬಾಗಿಸಿ ಒಂದೊಂದಾಗಿ ಜಾರಲು ಬಿಟ್ಟಾಗ ಎಲೆಗಳು ಸರ್ರನೆ ಬೀಳುತ್ತವೆ. ಗಿಡ್ಡೆಲೆ ಮಾತ್ರ ಬೆರಳಿಗೆ ಸಿಗದೆ ಪಕ್ಕದ ಎಲೆಯ ಜೊತೆಯಲ್ಲೇ ಬಿದ್ದುಬಿಡುವುದರಿಂದ ಅಲ್ಲಿ ಒಂದು ಸಣ್ಣ ‘ಟಕ್’ ಕೇಳಿಸುತ್ತದೆ, ಅದಕ್ಕಿಂತ ಮೊದಲು ಹೆಬ್ಬೆರಳಿಗೆ ಒಂದು ಮೆಟ್ಟಿಲು ತಪ್ಪಿದಂತೆ ಗೊತ್ತಾಗುತ್ತದೆ. ನೋಡುವವರು ಆರಿಸಿದ ಎಲೆಯನ್ನು ಈ ಗಿಡ್ಡೆಲೆಯ ಪಕ್ಕಕ್ಕೆ ಬರುವಂತೆ ವಾಪಸು ಇರಿಸಿಕೊಂಡರೆ, ಆಮೇಲೆ ಅವರು ಎಷ್ಟು ಸಲ ಕಟ್ ಮಾಡಿದರೂ, ಕಣ್ಣು ಮುಚ್ಚಿಕೊಂಡೇ ಆ ಜಾಗಕ್ಕೆ ಹೋಗಿ ನಿಲ್ಲಬಹುದು.

ನನ್ನ ಮೊದಲ ಗಿಡ್ಡೆಲೆಯನ್ನು ನಾನು ಪೂರ್ತಿ 2 ಮಿಲಿಮೀಟರು ಕತ್ತರಿಸಿದ್ದೆ. ಸದ್ದು ಜೋರಾಗಿ ಬಂದಷ್ಟೂ ಒಳ್ಳೆಯದು ಎಂಬ ಲೆಕ್ಕ ನನ್ನದು. ಗಣೇಶೋತ್ಸವದ ಪೆಂಡಾಲಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಎಂಟು ವರ್ಷದ ಹುಡುಗಿ, ಆರಿಸಿದ ಎಲೆಯನ್ನು ನೋಡುವುದು ಬಿಟ್ಟು, “ಅಂಕಲ್, ಅಲ್ಲೊಂದು ಸಂದಿ ಇದೆ” ಎಂದು ಕಟ್ಟಿನ ಅಂಚಿಗೇ ಬೆರಳು ತೋರಿಸಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಕಟ್ಟಿನ ಅಂಚೆಂಬುದು ನಯವಾದ ಒಂದು ಗೋಡೆ. ಅದರಲ್ಲಿ 2 ಮಿಲಿಮೀಟರಿನ ಹಳ್ಳ ಬಿದ್ದರೆ ನೆರಳು ಕೂರುತ್ತದೆ, ನೆರಳು ಕೂತ ಜಾಗ ಮಕ್ಕಳ ಕಣ್ಣಿಗೆ ಬೀಳದೆ ಇರುವುದಿಲ್ಲ. ಇದರ ಜೊತೆಗೆ ಇನ್ನೊಂದು ತಪ್ಪನ್ನೂ ಮಾಡಿದ್ದೆ. ನಾಲ್ಕು ತಿಂಗಳು ಬಳಸಿ ಅಂಚು ಮಾಸಿದ್ದ ಹಳೆಯ ಕಟ್ಟಿನಿಂದ ಎಲೆ ತೆಗೆದು ಕತ್ತರಿಸಿದ್ದರಿಂದ, ಬೂದುಬಣ್ಣಕ್ಕೆ ತಿರುಗಿದ 51 ಅಂಚುಗಳ ನಡುವೆ ಹೊಸದಾಗಿ ಕತ್ತರಿಸಿದ ಒಂದು ಅಂಚು ಹಾಲಿನಂತೆ ಬೆಳ್ಳಗೆ ಕಾಣುತ್ತಿತ್ತು. ಅಂದಿನಿಂದ ಹೊಸ ಕಟ್ಟನ್ನು ಬಿಚ್ಚಿದ ದಿನವೇ ಕತ್ತರಿಸುತ್ತೇನೆ. ಕತ್ತರಿಸಿದ ಎಲೆಯೂ ಉಳಿದವುಗಳ ಜೊತೆಗೇ ಮಾಸಬೇಕು.

ಆಮೇಲೆ ಎಸ್‌.ಜೆ.ಪಿ. ರಸ್ತೆಯಿಂದ ಒಂದು ವರ್ನಿಯರ್ ಕ್ಯಾಲಿಪರ್ ತಂದೆ. ಕಣ್ಣಳತೆಯ ಮೇಲೆ ನನಗಿದ್ದ ಹೆಮ್ಮೆ ಅಲ್ಲಿಗೆ ಮುಗಿಯಿತು. ‘ಒಂದು ಕೂದಲೆಳೆ’ ಎಂದುಕೊಂಡು ನಾನು ಕತ್ತರಿಸುತ್ತಿದ್ದದ್ದು ಒಮ್ಮೆ 0.9, ಒಮ್ಮೆ 1.4 ಇರುತ್ತಿತ್ತು. ಈಗ ನಾನು ಗಿಡ್ಡೆಲೆಗೆ ತೆಗೆಯುವುದು ಒಟ್ಟು 0.5 ಮಿಲಿಮೀಟರು, ಅದೂ ಎರಡು ತುದಿಗಳಿಂದ ಕಾಲು ಕಾಲು. ಒಂದೇ ತುದಿಯಿಂದ ತೆಗೆದರೂ ಎಲೆ ಗಿಡ್ಡವೇ ಆಗುತ್ತದೆ, ನಿಜ. ಆದರೆ ಎಲೆಯ ಬೆನ್ನಿನ ಚಿತ್ರದ ಸುತ್ತ ಬಿಳಿಯ ಅಂಚುಪಟ್ಟಿ ಇರುವ ‘ಬೈಸಿಕಲ್’ ಬ್ರಾಂಡಿನಂಥ ಕಟ್ಟುಗಳಲ್ಲಿ ಒಂದು ತುದಿಯ ಪಟ್ಟಿ ಸಣ್ಣದಾಗಿ ಇನ್ನೊಂದು ತುದಿಯದು ದೊಡ್ಡದಾಗಿ ಉಳಿದರೆ, ಎಲೆಯನ್ನು ಮೇಜಿನ ಮೇಲೆ ಒಂಟಿಯಾಗಿ ಇಟ್ಟ ಕ್ಷಣ ಅದು ಎದ್ದು ಕಾಣುತ್ತದೆ. ಚಿತ್ರವು ಅಂಚಿನವರೆಗೂ ಹರಡಿರುವ ‘ಬೀ’ ಬ್ರಾಂಡಿನ ಕಟ್ಟಿನಲ್ಲಿ ಈ ತಲೆನೋವು ಕಡಿಮೆ.

ಕೆಲಸದ ವಿವರ ಹೀಗಿದೆ. ಎಲೆಯನ್ನು ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಮುಖ ಮೇಲಾಗಿ ಇಟ್ಟು, ಸ್ಟೀಲ್ ಸ್ಕೇಲನ್ನು ಒತ್ತಿಹಿಡಿದು, ಹೊಸ ಬ್ಲೇಡಿನಿಂದ ಒತ್ತಡ ಹಾಕದೆ ಮೂರು ನಾಲ್ಕು ಸಲ ಎಳೆಯುತ್ತೇನೆ. ಮುಖ ಮೇಲೋ ಬೆನ್ನು ಮೇಲೋ ಎಂಬುದು ಸುಮ್ಮನೆ ಹೇಳಿದ ಮಾತಲ್ಲ. ಕಾರ್ಖಾನೆಯಲ್ಲಿ ಎಲ್ಲ ಎಲೆಗಳನ್ನೂ ಒಂದೇ ಕಡೆಯಿಂದ ಒತ್ತಿ ಕತ್ತರಿಸುವುದರಿಂದ ಅಂಚಿಗೆ ಒಂದು ದಿಕ್ಕಿನ ಇಳಿಜಾರು ಬಂದಿರುತ್ತದೆ, ಇನ್ನೊಂದು ಕಡೆಯಲ್ಲಿ ಬೆರಳಿಗೆ ಮಾತ್ರ ತಿಳಿಯುವಂಥ ಏಣು ಉಳಿದಿರುತ್ತದೆ. ನಾವು ಅದಕ್ಕೆ ವಿರುದ್ಧವಾದ ಕಡೆಯಿಂದ ಕತ್ತರಿಸಿದರೆ, ಎಲೆ ಕಲಸುವಾಗ ಆ ಒಂದು ಎಲೆ ಪಕ್ಕದವುಗಳಿಗೆ ತಗಲಿಕೊಂಡು ನಿಲ್ಲುತ್ತದೆ. ಹಾಗಾಗಿ ಕಟ್ಟನ್ನು ತೆಗೆದುಕೊಂಡೊಡನೆ ಉಗುರಿನಿಂದ ಅಂಚನ್ನು ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸವರಿ, ಏಣು ಯಾವ ಕಡೆಗಿದೆ ಎಂದು ಮೊದಲು ನೋಡುತ್ತೇನೆ. ಕತ್ತರಿಸಿದ ಮೇಲೆ ಮೂಲೆಗಳು ಚೂಪಾಗುತ್ತವೆ. ಅವುಗಳಿಗೆ ಸುಮಾರು ಮೂರೂವರೆ ಮಿಲಿಮೀಟರಿನ ದುಂಡು ಮತ್ತೆ ಬರಬೇಕು. ಕಾರ್ನರ್ ಕಟರ್ ಇದ್ದರೂ ನಾನು ಉಗುರು ಕತ್ತರಿಸುವ ನೇಲ್ ಕಟರನ್ನೇ ಹೆಚ್ಚು ನಂಬುತ್ತೇನೆ. ಕಡೆಯಲ್ಲಿ ಅತಿ ನಯವಾದ ಎಮರಿ ಕಾಗದದಿಂದ ಎರಡು ಸಲ ಸವರಿದರೆ ಸಾಕು, ಮೂರನೆಯ ಸಲಕ್ಕೆ ಪದರ ಏಳುತ್ತದೆ.

ಇಡೀ ಕಟ್ಟನ್ನೇ ಕತ್ತರಿಸುವುದು ಇದರ ದೊಡ್ಡಣ್ಣ. 52 ಎಲೆಗಳನ್ನೂ ಉದ್ದುದ್ದಕ್ಕೆ ಓರೆಯಾಗಿ ಕತ್ತರಿಸಿ, ಒಂದು ತುದಿಯಲ್ಲಿ 63.5 ಮಿಲಿಮೀಟರು ಇರುವ ಅಗಲ ಇನ್ನೊಂದು ತುದಿಗೆ 62.5ಕ್ಕೆ ಇಳಿಯುವಂತೆ ಮಾಡುತ್ತಾರೆ. ಎಲ್ಲ ಎಲೆಗಳೂ ಒಂದೇ ದಿಕ್ಕಿಗೆ ಇದ್ದಾಗ ಕಟ್ಟು ಸಾಮಾನ್ಯ ಕಟ್ಟಿನಂತೆಯೇ ಇರುತ್ತದೆ. ಯಾರಾದರೂ ಒಂದು ಎಲೆ ತೆಗೆದು ನೋಡುತ್ತಿರುವಾಗ ಕೈಯಲ್ಲಿರುವ ಕಟ್ಟನ್ನು ಹಿಂದುಮುಂದಾಗಿ ತಿರುಗಿಸಿಕೊಂಡರೆ, ವಾಪಸು ಬಂದ ಎಲೆಯ ಅಗಲವಾದ ತುದಿ ಉಳಿದವುಗಳ ಸಪೂರ ತುದಿಯ ನಡುವೆ ಎರಡೂ ಪಕ್ಕಕ್ಕೆ ಅರ್ಧರ್ಧ ಮಿಲಿಮೀಟರು ಚಾಚಿಕೊಳ್ಳುತ್ತದೆ. ಎಲೆ ಕಲಸಿದ ಮೇಲೂ ಹೆಬ್ಬೆರಳು ನಡುಬೆರಳುಗಳ ನಡುವೆ ಹಿಡಿದೆಳೆದರೆ ಅದೊಂದೇ ಜಾರಿ ಬರುತ್ತದೆ. ಆಟೀನು ಡೈಮಂಡುಗಳೆಲ್ಲ ಒಂದು ದಿಕ್ಕಿಗೆ, ಇಸ್ಪೀಟು ಕಳಾವರಗಳೆಲ್ಲ ಇನ್ನೊಂದು ದಿಕ್ಕಿಗೆ ಇರುವಂತೆ ಜೋಡಿಸಿಟ್ಟು, ಚೆನ್ನಾಗಿ ಕಲಸಿ, ಎರಡು ತುದಿ ಹಿಡಿದು ಒಮ್ಮೆ ಎಳೆದರೆ 26 ಕೆಂಪು, 26 ಕಪ್ಪು ಬೇರೆ ಬೇರೆಯಾಗಿ ಎರಡು ಕೈಗೆ ಬರುತ್ತವೆ. ಮೊದಲ ಸಲ ಅದು ಸರಿಯಾಗಿ ಆದಾಗ, ನೋಡಲು ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ನನಗೆ ಬೇಸರವಾಗಿತ್ತು.

ಇದು ಜಾದೂಗಾರರ ಆವಿಷ್ಕಾರವೇನಲ್ಲ. ಜೂಜಿನ ಮೋಸಗಾರರಿಂದ ಬಂದ ವಿದ್ಯೆ. ಫ್ರಾನ್ಸಿನ ಪ್ರಸಿದ್ಧ ಜಾದೂಗಾರ ರಾಬೇರ್-ಊದಾನ್ (ಮುಂದೆ ಹೂಡಿನಿ ತನ್ನ ಹೆಸರನ್ನು ಕಟ್ಟಿಕೊಂಡದ್ದು ಇವನ ಹೆಸರಿನಿಂದಲೇ) 1861ರಲ್ಲಿ ಜೂಜಿನ ಮೋಸಗಳನ್ನು ಬಯಲುಮಾಡಲೆಂದೇ ಬರೆದ ಪುಸ್ತಕದಲ್ಲಿ ಓರೆ ಕತ್ತರಿಸಿದ ಎಲೆಗಳ ವಿವರ ಇದೆ. ಆದ್ದರಿಂದ ಇಲ್ಲಿ ನಾನು ಯಾರ ಗುಟ್ಟನ್ನೂ ರಟ್ಟು ಮಾಡುತ್ತಿದ್ದೇನೆಂಬ ಅಳುಕು ನನಗಿಲ್ಲ. ನಮ್ಮ ಮೈಸೂರಿನ ಗಂಜೀಫಾ ಎಲೆಗಳು ದುಂಡಗಿರುತ್ತವೆ. ಅವುಗಳಿಗೆ ಉದ್ದವೂ ಇಲ್ಲ, ತುದಿಯೂ ಇಲ್ಲ, ಈ ವಿದ್ಯೆ ಅಲ್ಲಿ ನಡೆಯುವುದಿಲ್ಲ ಎಂದು ಆಗಾಗ ನೆನೆದು ನಗುತ್ತೇನೆ.

ಓರೆ ಕಟ್ಟನ್ನು ನಾನು ಮೊದಲು ಮುದ್ರಣಾಲಯದ ಮಷೀನಿನಲ್ಲೇ ಕತ್ತರಿಸಲು ಹೋದೆ. ಲಗ್ನಪತ್ರಿಕೆಗಳ ನಾಲ್ಕಂಗುಲದ ಅಟ್ಟಿಯನ್ನು ಒಂದೇ ಏಟಿಗೆ ತುಂಡರಿಸುವ ಮಷೀನಿಗೆ 16 ಮಿಲಿಮೀಟರು ಯಾವ ಲೆಕ್ಕ! ಆದರೆ ಎಲೆಗಳ ಮೈಮೇಲಿನ ನುಣುಪು ಲೇಪದಿಂದಾಗಿ, ಮೇಲಿನಿಂದ ಒತ್ತುವ ಕ್ಲ್ಯಾಂಪಿನ ಅಡಿಯಲ್ಲಿ ಅಟ್ಟಿ ಸೋಪಿನಂತೆ ಜಾರಿತು; ಬ್ಲೇಡು ಇಳಿಯುತ್ತಾ ಹೋದಂತೆ ಎಲೆಗಳನ್ನು ತನ್ನ ಕಡೆಗೆ ಎಳೆದುಕೊಂಡಿತು. ಕ್ಯಾಲಿಪರಿನಲ್ಲಿ ಅಳೆದರೆ ಮೇಲಿನ ಎಲೆಗೂ ತಳದ ಎಲೆಗೂ 0.4 ಮಿಲಿಮೀಟರು ವ್ಯತ್ಯಾಸ. ಅರ್ಧ ಮಿಲಿಮೀಟರಿನ ಕೆಲಸದಲ್ಲಿ 0.4 ತಪ್ಪೆಂದರೆ ಆ ಕಟ್ಟು ಕಸದ ಬುಟ್ಟಿಗೇ. ಕ್ಲ್ಯಾಂಪಿನ ಗೆರೆಯೂ ಮೇಲಿನ ಏಳೆಂಟು ಎಲೆಗಳ ಮೇಲೆ ಮೂಡಿತ್ತು. ಕೊನೆಗೆ ಹಲಗೆಯ ಮೇಲೆ ಎರಡು ಹಿತ್ತಾಳೆ ಪಟ್ಟಿಗಳನ್ನು ಸ್ಕ್ರೂ ಹಾಕಿ ಕೂರಿಸಿ, ಎಲೆ ಓರೆಯಾಗಿಯೇ ಕೂರುವಂಥ ಒಂದು ಅಚ್ಚು ಮಾಡಿಕೊಂಡು, ಒಂದೊಂದೇ ಎಲೆಯನ್ನು ಕೈಯಿಂದ ಕತ್ತರಿಸಿದೆ. ಒಂದು ಕಟ್ಟಿಗೆ 104 ಕಡಿತ, ಆಮೇಲೆ 104 ಮೂಲೆಗಳ ದುಂಡು. ಎರಡು ಭಾನುವಾರ ಪೂರ್ತಿ ಬೇಕು.

ಉದ್ದ ಗಿಡ್ಡ ಎಲೆಗಳನ್ನು ಒಂದರ ಬೆನ್ನಿಗೊಂದು ಜೋಡಿಸಿದ ಸ್ವೆಂಗಾಲಿ ಕಟ್ಟನ್ನು ಮಾತ್ರ ನಾನು ಮನೆಯಲ್ಲಿ ಮಾಡಿಲ್ಲ, ಮಾಡುವುದೂ ಇಲ್ಲ. ಅದರಲ್ಲಿ 26 ಗಿಡ್ಡೆಲೆಗಳೂ ಒಂದೇ ಎಲೆಯ ಪ್ರತಿಗಳಾಗಿರಬೇಕು. ಅಂದರೆ ಅಷ್ಟಕ್ಕಾಗಿ 26 ಕಟ್ಟುಗಳನ್ನು ಒಡೆಯಬೇಕು. ವಸ್ತುಪ್ರದರ್ಶನಗಳ ಮಳಿಗೆಗಳಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಕಟ್ಟನ್ನು ತುದಿಯಿಂದ ಹಿಡಿದು ಎಲ್ಲಿ ಎತ್ತಿದರೂ ಬೆರಳಿಗೆ ಸಿಗುವುದು ಉದ್ದನೆಯ ಎಲೆ, ಅದರ ಕೆಳಗೆ ಉಳಿಯುವುದು ಗಿಡ್ಡೆಲೆ. ಹೀಗಾಗಿ ಯಾರು ಎಲ್ಲಿ ಎತ್ತಿದರೂ ಅದೇ ಎಲೆ. ಮಕ್ಕಳಿಗೆ ಇದು ಬಹಳ ಇಷ್ಟ. ನನಗೆ ಅಷ್ಟಾಗಿ ಹಿಡಿಸಿಲ್ಲ, ಏಕೆಂದರೆ ಕಟ್ಟನ್ನು ನೋಡುವವರ ಕೈಗೆ ಕೊಡುವಂತಿಲ್ಲ.

ಕೈಗೆ ಕೊಟ್ಟರೆ ಏನಾಗುತ್ತದೆಂದು ಬಸವನಗುಡಿಯ ಒಂದು ಛತ್ರದಲ್ಲಿ ತಿಳಿಯಿತು. ನಮ್ಮ ಸಂಬಂಧಿಕರ ಮದುವೆ. ಹಿಂದಿನ ದಿನ ಸಂಜೆ ಮಕ್ಕಳಿಗೆ ಓರೆ ಕಟ್ಟಿನಿಂದ ಎರಡು ಮೂರು ಜಾದೂ ತೋರಿಸಿ, ಕಟ್ಟನ್ನು ಬ್ಯಾಗಿನಲ್ಲಿಟ್ಟು ಊಟಕ್ಕೆ ಹೋಗಿದ್ದೆ. ಬರುವಷ್ಟರಲ್ಲಿ ನನ್ನ ಅಣ್ಣನ ಮಗ ಅದನ್ನು ತೆಗೆದು ಮಹಡಿಯಲ್ಲಿ ರಮ್ಮಿಗೆ ಕೂತಿದ್ದ ಹಿರಿಯರಿಗೆ ಕೊಟ್ಟಾಗಿತ್ತು. ಆರೇಳು ಆಟ ಮುಗಿಯುವಷ್ಟರಲ್ಲಿ ಎಲೆಗಳು ಎರಡೂ ದಿಕ್ಕಿಗೆ ಬೆರೆತುಹೋಗಿ, ಕಟ್ಟನ್ನು ಎಷ್ಟು ತಟ್ಟಿದರೂ ಪಕ್ಕಗಳು ಸಮವಾಗಿ ನಿಲ್ಲುತ್ತಿರಲಿಲ್ಲ. ನಲವತ್ತು ವರ್ಷ ರಮ್ಮಿ ಆಡಿದ ನನ್ನ ಸೋದರಮಾವ ಎರಡು ಸಲ ತಟ್ಟಿದರು, ಮೂರನೆಯ ಸಲ ತಟ್ಟಲಿಲ್ಲ. ಕಟ್ಟನ್ನು ಕಿವಿಯ ಹತ್ತಿರ ಹಿಡಿದು ತುದಿಯನ್ನು ಸರ್ರೆನಿಸಿ, ಮಧ್ಯದಿಂದ ಒಂದು ಎಲೆ ಎಳೆದು ಜಮಖಾನದ ಮೇಲೆ ಇಟ್ಟು, ಅದರ ಮೇಲೆ ಇನ್ನೊಂದನ್ನು ತಿರುಗಿಸಿ ಇಟ್ಟರು. “ಇದನ್ನ ಯಾರಪ್ಪಾ ತಂದದ್ದು?” ಎಂದು ಮೆಲ್ಲಗೆ ಕೇಳಿದರು. ಪಾಯಿಂಟಿಗೆ ಇಷ್ಟು ಎಂದು ದುಡ್ಡು ಕಟ್ಟಿದ್ದ ಆಟ. ಅಷ್ಟು ಹೊತ್ತಿಗೆ ಗೆದ್ದಿದ್ದ ಬೀಗರ ಕಡೆಯವರ ಮುಖ ಕೆಂಪಾಗಿತ್ತು. ನಾನು ಎಲ್ಲವನ್ನೂ ಒಪ್ಪಿಕೊಂಡು, ಕೆಂಪು ಕಪ್ಪು ಬೇರೆಮಾಡಿ ತೋರಿಸಿ, ಗೆದ್ದ ಹಣ ಎಲ್ಲರಿಗೂ ವಾಪಸಾಗುವವರೆಗೆ ಅಲ್ಲಿಯೇ ನಿಂತಿದ್ದೆ. ಕತ್ತರಿಸಿದ ಕಟ್ಟುಗಳ ಡಬ್ಬಿಯ ಮೇಲೆ ಈಗ ಕೆಂಪು ಮಸಿಯಿಂದ ಗುರುತು ಹಾಕಿ ಬೀಗದ ಪೆಟ್ಟಿಗೆಯಲ್ಲಿ ಇಡುತ್ತೇನೆ.

ಅದರಿಂದ ಒಂದು ಲಾಭವೂ ಆಯಿತು. ಅಂದಿನಿಂದ ಪ್ರತಿ ಹೊಸ ಕಟ್ಟನ್ನೂ ಮೊದಲು ಮಾವನ ಕೈಗೆ ಕೊಡುತ್ತೇನೆ. ಜಾದೂ ನೋಡುವವರ ಕಣ್ಣಿಗಿಂತ ರಮ್ಮಿ ಆಡುವವರ ಬೆರಳು ಹೆಚ್ಚು ಚುರುಕು. 1 ಮಿಲಿಮೀಟರಿನ ಗಿಡ್ಡೆಲೆಯನ್ನು ಅವರು ಮೊದಲ ಕಟ್‌ನಲ್ಲೇ ಹಿಡಿದರು, 0.7ರದ್ದನ್ನು ಹಿಡಿಯಲು ಕಾಫಿ ಆರುವಷ್ಟು ಹೊತ್ತು ಬೇಕಾಯಿತು. 0.5ರದ್ದು ಒಂದು ಬೇಸಿಗೆ ಪೂರ್ತಿ ಅವರಿಗೆ ಸಿಕ್ಕಿರಲಿಲ್ಲ, ಸೆಪ್ಟೆಂಬರಿನ ಮಳೆ ಹಿಡಿದ ವಾರದಲ್ಲಿ ಸಿಕ್ಕಿಬಿಟ್ಟಿತು. ಕಾರಣ ಹುಡುಕಿದಾಗ ತಿಳಿದದ್ದೆಂದರೆ, ಆ ಎಲೆಯನ್ನು ನಾನು ಬೇರೊಂದು ಕಟ್ಟಿನಿಂದ ತೆಗೆದಿದ್ದೆ. ಕಾಗದ ತೇವ ಹೀರಿದಾಗ ಅದರ ಎಳೆಗಳಿಗೆ ಅಡ್ಡವಾಗಿ ಹೆಚ್ಚು ಹಿಗ್ಗುತ್ತದೆ. ಬೇರೆ ಕಟ್ಟಿನ ಕಾಗದ ಬೇರೆ ರೀತಿ ಹಿಗ್ಗಿ, ಬೇರೆ ರೀತಿ ಬಾಗಿತ್ತು. ಬೈಂಡಿಂಗ್ ಕೆಲಸದಲ್ಲಿ ದಿನವೂ ನೋಡುವ ಸಂಗತಿ ನನಗೆ ಇಲ್ಲಿ ಹೊಳೆಯದೆ ಹೋದದ್ದು ನಾಚಿಕೆಯ ಮಾತೇ. ಈಗ ಅದೇ ಕಟ್ಟಿನ ಎಲೆಯನ್ನೇ ಕತ್ತರಿಸುತ್ತೇನೆ, ಮಳೆಗಾಲದಲ್ಲಿ ಡಬ್ಬಿಯೊಳಗೆ ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಪೊಟ್ಟಣ ಇಡುತ್ತೇನೆ.

ಕಳೆದ ವರ್ಷದಿಂದ ಉದ್ದವನ್ನು ಮುಟ್ಟುವುದನ್ನೇ ಬಿಟ್ಟು, ಕಳಾವರದ ನಾಲ್ಕರ ಎರಡು ಎದುರುಬದುರು (ಕರ್ಣದ ಎರಡು ತುದಿಗಳ) ಮೂಲೆಗಳನ್ನು ಮಾತ್ರ ನೇಲ್ ಕಟರಿನಿಂದ ತುಸು ಹೆಚ್ಚು ದುಂಡು ಮಾಡಿಕೊಂಡಿದ್ದೇನೆ. ಎದುರುಬದುರಾಗಿ ಇರುವುದರಿಂದ ಎಲೆ ಹಿಂದುಮುಂದಾದರೂ ಕತ್ತರಿಸಿದ ಮೂಲೆ ನನ್ನ ಹೆಬ್ಬೆರಳ ಕಡೆಗೇ ಬರುತ್ತದೆ. ತುದಿಯ ನಡುಭಾಗದಿಂದ ಸರ್ರೆನಿಸಿದರೆ ಏನೂ ತಿಳಿಯುವುದಿಲ್ಲ, ಆ ಮೂಲೆಯಿಂದಲೇ ಸರ್ರೆನಿಸಬೇಕು. ಕಳಾವರದ ನಾಲ್ಕನ್ನು ಆರಿಸಿದ್ದಕ್ಕೂ ಕಾರಣ ಇದೆ: ಇಸ್ಪೀಟ್ ಎಕ್ಕ, ಆಟೀನ್ ರಾಣಿ ಎಲ್ಲರ ನೆನಪಿನಲ್ಲಿ ಉಳಿಯುವ ಎಲೆಗಳು, ಈ ನಾಲ್ಕನ್ನು ನೋಡಿದವರು ನೋಡಿದಲ್ಲೇ ಮರೆಯುತ್ತಾರೆ. ಮಾವನಿಗೆ ಕೊಟ್ಟೆ. ಅರ್ಧ ಗಂಟೆ ತಿರುವಿ ಹಾಕಿ, “ಇದ್ರಲ್ಲಿ ಏನೂ ಇಲ್ಲ ಕಣೋ, ಇವತ್ತು ಇಲ್ಲೇ ಇರ್ಲಿ” ಎಂದರು. ಮರುದಿನ ಬೆಳಿಗ್ಗೆ ಏಳಕ್ಕೆ ಅವರ ಫೋನು ಬಂತು. “ಕಳಾವರ ನಾಲ್ಕು, ಎಡಗಡೆ ಮೂಲೆ. ಹೌದೋ ಅಲ್ವೋ?”

ಹೌದು ಮಾವ ಎಂದೆ. ಅದಾದ ಮೇಲೆ ಮೂಲೆಯನ್ನು ಇನ್ನಷ್ಟು ಕಡಿಮೆ ಕತ್ತರಿಸಿದ ಕಟ್ಟೊಂದನ್ನು ಮಾಡಿಟ್ಟಿದ್ದೇನೆ, ಆದರೆ ಅದರಲ್ಲಿ ಆ ಎಲೆಯನ್ನು ಹತ್ತಕ್ಕೆ ಎಂಟು ಸಲ ಮಾತ್ರ ನನ್ನ ಹೆಬ್ಬೆರಳೇ ಹುಡುಕುತ್ತಿರುವುದರಿಂದ ಇನ್ನೂ ಅವರ ಮನೆಗೆ ಒಯ್ದಿಲ್ಲ.