ರೂಟ್ ಕೆನಾಲ್ ಆದ ಮೇಲಿನ ನೋವು: ನನ್ನ ಅನುಭವ

"ನರಾನೇ ತೆಗೆದ್ರಲ್ಲ, ಮತ್ಯಾಕೆ ನೋವು ಡಾಕ್ಟ್ರೇ?" ಹಾಸನದ ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ರೂಟ್ ಕೆನಾಲ್ (ಹಲ್ಲಿನೊಳಗಿನ ನರ ತೆಗೆದು, ಬೇರಿನ ಕಾಲುವೆ ಶುಚಿಮಾಡಿ ತುಂಬುವ ಚಿಕಿತ್ಸೆ) ಆದವರಿಂದ ಅತಿ ಹೆಚ್ಚು ಕೇಳಿಬರುವ ಪ್ರಶ್ನೆ ಇದು. ಹಲ್ಲಿನೊಳಗಿನ ನರ ಹೋಗಿರುತ್ತದೆ, ನಿಜ. ಆದರೆ ಬೇರನ್ನು ದವಡೆ ಮೂಳೆಗೆ ಹಿಡಿದಿಟ್ಟ ತೆಳು ನಾರಿನ ಪದರಕ್ಕೆ ಇನ್ನೂ ಜೀವವಿದೆ. ಸೋಂಕಿನಿಂದಲೂ ಬೇರಿನ ತುದಿವರೆಗೆ ಫೈಲ್ (ಕಾಲುವೆ ಉಜ್ಜುವ ಸೂಜಿಯಂಥ ಉಪಕರಣ) ಆಡಿಸಿದ್ದರಿಂದಲೂ ಅದು ಕೆರಳಿರುತ್ತದೆ. ಅದಕ್ಕೇ ತಣ್ಣೀರಿಗೆ ಜುಮ್ಮೆನ್ನದ ಹಲ್ಲು ಕಚ್ಚಿದರೆ ನೋಯುತ್ತದೆ. ಮೊದಲ ಎರಡು ದಿನ ಜಾಸ್ತಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ.

ಇಂಜೆಕ್ಷನ್ನಿನಿಂದ ಮರಗಟ್ಟಿದ್ದು ಬಿಡುವ ಮುಂಚೆಯೇ ಮೊದಲ ಮಾತ್ರೆ ಕೊಡುತ್ತೇನೆ: ಐಬುಪ್ರೊಫೆನ್ 400 ಮಿ.ಗ್ರಾಂ, ಏನಾದರೂ ತಿಂದ ಮೇಲೆ, 8 ಗಂಟೆಗೊಂದು, ಎರಡು ದಿನ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಆಸ್ತಮಾ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ, ಗರ್ಭಿಣಿಯರಿಗೆ ಇದು ಬೇಡ. ಅಂಥವರಿಗೆ ಪ್ಯಾರಾಸಿಟಮಾಲ್ 650 ಮಿ.ಗ್ರಾಂ ಸಾಕು, 6 ಗಂಟೆ ಅಂತರದಲ್ಲಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆ್ಯಂಟಿಬಯೋಟಿಕ್ ಈ ನೋವಿಗೆ ಏನೂ ಮಾಡುವುದಿಲ್ಲ.

ಊಟಕ್ಕೆ ನಮ್ಮ ಕಡೆ ಚಿಂತೆಯೇ ಇಲ್ಲ. ಮುದ್ದೆ ಅಗಿಯುವ ಪದಾರ್ಥವಲ್ಲವಲ್ಲ! ಸಾರು ಮಾತ್ರ ಆರಿರಲಿ. ತುಟಿ ಮರಗಟ್ಟಿರುವ ಎರಡು ಮೂರು ಗಂಟೆ ಬಿಸಿ ಕಾಫಿಯೂ ಬೇಡ, ಸುಟ್ಟದ್ದು ಗೊತ್ತೇ ಆಗುವುದಿಲ್ಲ. ಲವಂಗದೆಣ್ಣೆ ಹಚ್ಚಿದರೆ ಒಸಡು ಸುಡುತ್ತದೆ, ಬೇರಿನ ತುದಿಗೆ ತಲುಪುವುದಿಲ್ಲ.

ಮೂರ್ನಾಲ್ಕು ದಿನವಾದರೂ ಕಚ್ಚಿದಾಗ 'ಟಕ್' ಎಂದು ಆ ಹಲ್ಲೇ ಮೊದಲು ತಾಗುತ್ತಿದ್ದರೆ ನನ್ನ ಮೊದಲ ಅನುಮಾನ ಫಿಲ್ಲಿಂಗ್ ಎತ್ತರದ ಮೇಲೆ. ಬಾಯಿ ಮರಗಟ್ಟಿರುವಾಗ ರೋಗಿ ಸರಿಯಾಗಿ ಕಚ್ಚುವುದಿಲ್ಲ, ಹಾಗಾಗಿ ಅವತ್ತು ನೋಡಿದ ಎತ್ತರವನ್ನು ನಂಬುವಂತಿಲ್ಲ. ಮತ್ತೆ ಬಂದಾಗ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಚೂರೇ ಚೂರು ಉಜ್ಜುತ್ತೇನೆ. ಐದು ನಿಮಿಷದ ಕೆಲಸ. ಚಿಕಿತ್ಸೆಗೆ ಮುಂಚೆಯೇ ಕಚ್ಚಿದರೆ ನೋಯುತ್ತಿದ್ದ ದವಡೆ ಹಲ್ಲಾದರೆ, ಹೇಗೂ ಮೇಲೆ ಕ್ಯಾಪ್ (ಹಲ್ಲಿಗೆ ತೊಡಿಸುವ ಕವಚ) ಬರುವುದರಿಂದ, ಚಿಕಿತ್ಸೆಯ ದಿನವೇ ಅದರ ಎತ್ತರ ಇಳಿಸಿಬಿಡುತ್ತೇನೆ.

ಕೆನ್ನೆ ಊದಿ ಜ್ವರ ಬಂದರೆ ಅವತ್ತೇ ಬರಬೇಕು. ನುಂಗಲು, ಉಸಿರಾಡಲು ಕಷ್ಟವಾದರೆ ನೇರ ಆಸ್ಪತ್ರೆಗೆ. ತಿಂಗಳುಗಳ ನಂತರ ಮರುಕಳಿಸುವ ನೋವಿನ ದಾರಿ ಬೇರೆ: ಸಿಗದೇ ಉಳಿದ ಕಾಲುವೆ (ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನಾಲ್ಕನೆಯದು ಸುಲಭಕ್ಕೆ ಕಾಣುವುದಿಲ್ಲ), ಇಲ್ಲವೇ ಬಿರುಕು.

ನೋವು ಹೋಯಿತೆಂದು ಸಕಲೇಶಪುರ, ಅರಕಲಗೂಡಿನಿಂದ ಮತ್ತೊಂದು ಸಲ ಬಸ್ಸು ಹತ್ತಲು ಬೇಸರಪಟ್ಟು ಕ್ಯಾಪ್ ಮುಂದೂಡುವವರಿದ್ದಾರೆ. ತಾತ್ಕಾಲಿಕ ಫಿಲ್ಲಿಂಗ್ ಕೆಲವು ವಾರಕ್ಕಷ್ಟೇ. ಆ ಹಲ್ಲಿನಲ್ಲಿ ಅಡಿಕೆ ಕಡಿದು ಬೇರಿನವರೆಗೂ ಸೀಳಿದರೆ ಕೀಳುವುದೊಂದೇ ಉಳಿಯುವುದು.