ಹೋಟೆಲಿನ ಐವತ್ತಕ್ಕೆ ಒಂದು ಅಂಬರ್ ಏಲ್: ರುಚಿ ನೋಡಿದ ನನ್ನ ಅನುಭವ

ನೆನಪಿಗೆಂದು ಮಾಡಿಸಿದ ಬಿಯರಿನ ರುಚಿ ನೋಡುವುದು ಕಷ್ಟದ ಕೆಲಸ. ಲೋಟದ ಮೇಲೆ ನಮ್ಮದೇ ಹೋಟೆಲಿನ ಹೆಸರು, ಕೆಳಗೆ 50 ಅಂತ ಅಂಕಿ. ಅದನ್ನು ನೋಡಿದ ಮೇಲೆ ಒಳಗಿರುವುದು ಸುಮಾರಾಗಿದೆ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಪ್ರೀತಿ ಮೊದಲು, ನಾಲಿಗೆ ಆಮೇಲೆ. ಆದರೆ ಗಿರಾಕಿ ದುಡ್ಡು ಕೊಟ್ಟು ಕುಡಿಯುವವನು. ಅವನಿಗೆ ನಮ್ಮ ಐವತ್ತು ವರ್ಷದ ಕಥೆ ಬೇಕಾಗಿಲ್ಲ, ಒಳ್ಳೆಯ ಬಿಯರ್ ಬೇಕು. ಹಾಗಾಗಿ ಹೆಸರನ್ನು ಬದಿಗಿಟ್ಟು ಬರೀ ಬಿಯರನ್ನು ನೋಡುವುದು ಹೇಗೆ ಅನ್ನುವುದೇ ನನ್ನ ಮುಖ್ಯ ಚಿಂತೆಯಾಗಿತ್ತು.

ಮುಂಬೈಯ ಸಾಯನ್‌ನಲ್ಲಿ ನನ್ನ ಸೋದರಮಾವನ ಹೋಟೆಲು ಇದೆ. ಮುಂದೆ ಊಟದ ಹಾಲ್, ಒಳಗೆ ಪರ್ಮಿಟ್ ರೂಮ್, ಅಂದರೆ ಬಾರ್. ಮಾವ ಕಾರ್ಕಳ ಕಡೆಯಿಂದ ಬಂದವರು. ಬಾರ್ ಕೌಂಟರ್ ನನ್ನ ಕೈಯಲ್ಲಿದೆ. ಬಿಯರ್ ರುಚಿ ನೋಡುವುದನ್ನು ನಾನು ಬ್ರೂವರಿಗಳಿಗೆ ಹೋಗಿ, ಟ್ಯಾಂಕಿನ ಪಕ್ಕ ನಿಂತು, ಕೇಳಿ ಕೇಳಿ ಕಲಿತವನು. ಪುಣೆಯಲ್ಲಿ 2009ರಲ್ಲಿ ಡೂಲಾಲಿ ಅನ್ನುವ ಸಣ್ಣ ಬ್ರೂವರಿ ಶುರುವಾದ ಮೇಲೆ ಮಹಾರಾಷ್ಟ್ರದಲ್ಲಿ ಸಣ್ಣ ಬ್ರೂವರಿಗಳು ಬೆಳೆದವು. ಈಗ ಅವುಗಳ ಕೆಗ್, ಅಂದರೆ ಬಿಯರ್ ಪೀಪಾಯಿ, ನಮ್ಮಂಥ ಹೋಟೆಲಿಗೂ ಬರುತ್ತದೆ.

"ಐವತ್ತಾಯ್ತು ಮಾರಾಯ, ಎಂತಾದ್ರೂ ಮಾಡ್ಬೇಕಲ್ಲ," ಅಂದರು ಮಾವ. ಅವರ ಮನಸ್ಸಿನಲ್ಲಿದ್ದದ್ದು ಸ್ವೀಟ್ ಬಾಕ್ಸು. ನಾನು ಬಿಯರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಟ್ರಾಂಗ್ ಬೇಡ," ಅಂದರು. ಅಷ್ಟೇ ಅವರ ಷರತ್ತು.

ಅಂಬರ್ ಏಲ್ ಅಂದರೆ ಬೆಚ್ಚಗೆ ಹುದುಗಿಸುವ, ತಾಮ್ರದ ಬಣ್ಣದ ಬಿಯರ್. ಅದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ಗಿರಾಕಿಗಳು ಲಾಗರ್, ಅಂದರೆ ತಣ್ಣಗೆ ಹುದುಗಿಸುವ ತಿಳಿ ಬಿಯರ್, ಕುಡಿದು ಬೆಳೆದವರು. ಹಳಬರು ಈಗಲೂ ಲಂಡನ್ ಪಿಲ್ಸ್ನರ್ ಹೆಸರು ಎತ್ತುತ್ತಾರೆ. ಅವರ ಮುಂದೆ ಐಪಿಎ ಅನ್ನುವ ಏಲ್ ಇಟ್ಟರೆ ಕಹಿ ಜಾಸ್ತಿ ಅಂತಾರೆ, ಸ್ಟೌಟ್ ಇಟ್ಟರೆ ಅದರ ಕಪ್ಪು ಬಣ್ಣ ನೋಡಿಯೇ ಹಿಂದೆ ಸರಿಯುತ್ತಾರೆ. ಅಂಬರ್ ಏಲ್ ನಡುವಿನದು. ಅಮೆರಿಕದ ಸಣ್ಣ ಬ್ರೂವರಿಗಳು 1980ರ ದಶಕದಲ್ಲಿ ರೂಢಿಗೆ ತಂದ ಬಗೆ ಇದು. ಮಾಲ್ಟಿನ, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಮುಂದೆ, ಹಾಪ್ ಅನ್ನುವ ಹೂವಿನ ಕಹಿ ಹಿಂದೆ, ಎರಡೂ ಒಂದನ್ನೊಂದು ತುಳಿಯಬಾರದು. ನಮ್ಮ ಅಡುಗೆಗೂ ಇದೇ ಹೊಂದುತ್ತದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸಿತ್ತು.

ಈ ಬಿಯರಿನ ಜೀವ ಇರುವುದು ಕ್ರಿಸ್ಟಲ್ ಮಾಲ್ಟಿನಲ್ಲಿ. ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸುವುದು ಎಲ್ಲ ಮಾಲ್ಟಿಗೂ ಒಂದೇ. ಆದರೆ ಇದನ್ನು ಒಣಗಿಸುವ ಮೊದಲೇ, ಹಸಿಹಸಿ ಇರುವಾಗ ಸುಮಾರು 65 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಕಾಳಿನ ಒಳಗಿನ ಹಿಟ್ಟು ಅಲ್ಲೇ ಸಕ್ಕರೆಯಾಗುತ್ತದೆ. ಆಮೇಲೆ ಹುರಿಯುತ್ತಾರೆ. ಒಂದು ಕಾಳು ಬಾಯಿಗೆ ಹಾಕಿಕೊಂಡು ಕಚ್ಚಿದರೆ ಕಟುಂ ಅನ್ನುತ್ತದೆ, ಒಳಗೆ ಗಾಜಿನ ಹಾಗೆ ಗಟ್ಟಿ, ಪಾಕ ಸ್ವಲ್ಪ ಕರಕಲಾದ ರುಚಿ. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವುದು ಯೀಸ್ಟ್, ಆದರೆ ಈ ಸಕ್ಕರೆಯಲ್ಲಿ ಒಂದಷ್ಟನ್ನು ಅದು ತಿನ್ನಲಾರದು. ಆ ಸಕ್ಕರೆ ಬಿಯರಿನಲ್ಲೇ ಉಳಿಯುತ್ತದೆ. ಬಣ್ಣವೂ ಈ ಮಾಲ್ಟಿನದೇ, ಬಾಯಿ ತುಂಬುವ ಮೈಯೂ ಅದರದೇ. ಸ್ವಲ್ಪ ಹೆಚ್ಚಾದರೆ ಅಂಟಂಟು ಸಿಹಿಯೂ ಅದರದೇ.

ಬ್ರೂವರ್ ನಮಗಾಗಿ ಒಂದೇ ಬ್ಯಾಚ್ ಹಾಕಿದರು. ಹಾಪ್ ಕ್ಯಾಸ್ಕೇಡ್. ಅಮೆರಿಕದಲ್ಲಿ 1972ರಲ್ಲಿ ಹೊರಬಂದ ತಳಿ, ಇವತ್ತಿಗೂ ಅಂಬರ್ ಏಲಿಗೆ ಅದಕ್ಕಿಂತ ಒಪ್ಪುವ ಹಾಪ್ ನನಗೆ ಕಂಡಿಲ್ಲ. ಯೀಸ್ಟ್ ಹಾಕುವ ಮೊದಲು ಸಾಂದ್ರತೆ 1.052 ಇತ್ತು (ಬರೀ ನೀರಿನದು 1.000, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಹೆಚ್ಚು). ಹುದುಗು ಮುಗಿದಾಗ 1.014ಕ್ಕೆ ನಿಂತಿತು. ಅಂದರೆ ಆಲ್ಕೋಹಾಲ್ ಸುಮಾರು ಶೇಕಡ 5. ಆ 1.014 ಅನ್ನುವ ಅಂಕಿಯನ್ನು ನಾನು ಪುಸ್ತಕದಲ್ಲಿ ಗುರುತು ಹಾಕಿಟ್ಟುಕೊಂಡೆ. ಅಂಬರ್ ಏಲಿಗೆ 1.010ರಿಂದ 1.015ರವರೆಗೆ ಸರಿ ಅಂತಾರೆ. ನಮ್ಮದು ಮೇಲಿನ ಅಂಚಿಗೆ ಬಂದಿತ್ತು.

ಟ್ಯಾಂಕಿನಿಂದ ಇಳಿಸುವ ಮೊದಲು ನಾನು ಒಂದು ಪರೀಕ್ಷೆ ಕೇಳಿ ಮಾಡಿಸಿಕೊಂಡೆ. ಯೀಸ್ಟ್ ಕೆಲಸ ಪೂರ್ತಿ ಮುಗಿಸದಿದ್ದರೆ ಬಿಯರಿಗೆ ಆಮೇಲೆ ಬೆಣ್ಣೆಯ ವಾಸನೆ ಬರುತ್ತದೆ. ಡೈಅಸಿಟೈಲ್ ಅಂತಾರೆ ಅದಕ್ಕೆ. ಎರಡು ಲೋಟದಲ್ಲಿ ಬಿಯರ್ ಹಿಡಿಯಬೇಕು. ಒಂದನ್ನು ಮುಚ್ಚಿ ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ಇಟ್ಟು, ತಣಿಸಿ, ಎರಡನ್ನೂ ಮೂಸಬೇಕು. ಬಿಸಿ ಮಾಡಿದ್ದರಲ್ಲಿ ಬೆಣ್ಣೆ, ಇನ್ನೊಂದರಲ್ಲಿ ಇಲ್ಲ ಅಂದರೆ ಬಿಯರ್ ಇನ್ನೂ ಟ್ಯಾಂಕಿನಲ್ಲಿ ಕೂರಬೇಕು ಅಂತ ಅರ್ಥ. ನಮ್ಮದರಲ್ಲಿ ಮೊದಲ ಸಲ ಸಣ್ಣಗೆ ಬಂತು. ಬ್ರೂವರ್ ಟ್ಯಾಂಕನ್ನು ಸ್ವಲ್ಪ ಬೆಚ್ಚಗೇ ಇಟ್ಟು ಇನ್ನಷ್ಟು ದಿನ ಬಿಟ್ಟರು. ಆಮೇಲಿನ ಸಲ ಎರಡೂ ಲೋಟ ಒಂದೇ. ಈ ಪರೀಕ್ಷೆಯನ್ನು ಬ್ರೂವರಿಯಲ್ಲೇ ಮಾಡಬೇಕು. ದಿನವಿಡೀ ತುಪ್ಪ ಕಾಯುವ ನಮ್ಮ ಅಡುಗೆಮನೆಯ ಪಕ್ಕ ನಿಂತು ಬೆಣ್ಣೆಯ ವಾಸನೆ ಹುಡುಕಲು ಆಗುವುದಿಲ್ಲ.

ಹೋಟೆಲಿನಲ್ಲಿ ರುಚಿ ನೋಡುವುದಕ್ಕೆ ಜಾಗವನ್ನೇ ತಯಾರು ಮಾಡಬೇಕಾಯ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನೆಲಕ್ಕೆ ಫಿನಾಯಿಲ್, ಕೌಂಟರಿನ ದೇವರ ಪಟಕ್ಕೆ ಊದುಬತ್ತಿ, ಹಿಂದಿನಿಂದ ಒಗ್ಗರಣೆ. ಇದರ ನಡುವೆ ಯಾವ ಮೂಗು ಕೆಲಸ ಮಾಡೀತು? ನಾನು ಮಾವನನ್ನು ಕೇಳಿಕೊಂಡು ಊದುಬತ್ತಿಯನ್ನು ಒಂದು ಗಂಟೆ ತಡ ಮಾಡಿಸಿದೆ. ದೀಪ ಮಾತ್ರ ಹಚ್ಚಿದರು. ನೆಲವನ್ನು ಬರೀ ನೀರಿನಲ್ಲಿ ಒರೆಸಿದೆವು. ಬಾಯಿ ತೊಳೆಯಲು ನೀರು, ಬೆಣ್ಣೆ ಹಚ್ಚದ ಪಾವ್. ಅಷ್ಟೇ ಸಾಕು.

ಲೋಟದ ವಿಷಯ ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ, ಅದಕ್ಕೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಕಣ್ಣಿಗೆ ಪಳಪಳ ಅಂದ ಮಾತ್ರಕ್ಕೆ ಲೋಟ ಸ್ವಚ್ಛವಲ್ಲ. ಮೀನಿನ ಎಣ್ಣೆಯ ಪಸೆ, ಸೋಪಿನ ಪಸೆ ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ. ಲೋಟವನ್ನು ಒದ್ದೆ ಮಾಡಿ ಒಳಗೆ ಉಪ್ಪು ಉದುರಿಸಿ ನೋಡಿ. ಎಲ್ಲ ಕಡೆ ಸಮನಾಗಿ ಅಂಟಿದರೆ ಸರಿ. ಎಲ್ಲಿ ಅಂಟಲಿಲ್ಲವೋ ಅಲ್ಲಿ ಪಸೆ ಇದೆ. ನಮ್ಮ ಬಾರಿನ ಲೋಟಗಳಿಗೆ ಈಗ ಬೇರೆಯೇ ಸ್ಪಂಜು, ಬೇರೆಯೇ ತೊಟ್ಟಿ. ಅಡುಗೆಮನೆಯ ಪಾತ್ರೆಯ ಜೊತೆ ಅವು ಹೋಗುವುದೇ ಇಲ್ಲ.

ಇನ್ನು ಬಿಯರ್. ಲೋಟ ಓರೆ ಹಿಡಿದು ಅರ್ಧ ಸುರಿದು, ನೆಟ್ಟಗೆ ಮಾಡಿ ಉಳಿದದ್ದನ್ನು ನಡುವಿಗೇ ಬಿಟ್ಟೆ. ಎರಡು ಬೆರಳು ನೊರೆ ನಿಂತಿತು. ಪೂರ್ತಿ ಬಿಳಿಯಲ್ಲ, ಕೆನೆಯ ಬಣ್ಣ. ಬಿಯರ್ ಮಾತ್ರ ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ಕೊಡದ ಹಾಗೆ ಹೊಳೆಯಿತು. ಕಿಟಕಿಗೆ ಹಿಡಿದರೆ ಅಂಚಿನಲ್ಲಿ ಕೆಂಪು. ಕುಡಿಯುತ್ತ ಹೋದ ಹಾಗೆ ನೊರೆ ಗಾಜಿಗೆ ಬಳೆಬಳೆಯಾಗಿ ಅಂಟಿ ಉಳಿಯಿತು. ಲೋಟ ಸ್ವಚ್ಛ, ಬಿಯರಿನಲ್ಲಿ ಹಾಪ್ ಸರಿಯಾಗಿದೆ ಅನ್ನುವುದಕ್ಕೆ ಅದು ಒಳ್ಳೆಯ ಗುರುತು.

ಮೂಸುವಾಗ ಉದ್ದಕ್ಕೆ ಎಳೆಯಬಾರದು. ಚಿಕ್ಕ ಚಿಕ್ಕದಾಗಿ ಎರಡು ಸಲ, ಆಮೇಲೆ ಲೋಟ ದೂರ. ಮೂಗು ಬೇಗ ಸೋಲುತ್ತದೆ. ಸೋತರೆ ನಾನು ನನ್ನ ಅಂಗಿಯ ತೋಳನ್ನೇ ಮೂಸುತ್ತೇನೆ, ಮೂಗು ಮತ್ತೆ ದಾರಿಗೆ ಬರುತ್ತದೆ. ಮೊದಲು ಸಿಕ್ಕಿದ್ದು ಚಕ್ಕೋತದ ಸಿಪ್ಪೆ ಹಿಂಡಿದ ವಾಸನೆ. ಅದು ಕ್ಯಾಸ್ಕೇಡ್. ಅದರ ಹಿಂದೆ ರಸ್ಕ್, ಹುರಿಗಡಲೆ. ಬೆಲ್ಲದ ವಾಸನೆ ಬರುತ್ತದೆ ಅಂದುಕೊಂಡಿದ್ದೆ, ಆ ಹೊತ್ತಿಗೆ ಬರಲಿಲ್ಲ. ಬಿಯರ್ ಆಗ 5 ಡಿಗ್ರಿಯಲ್ಲಿತ್ತು.

ಬಾಯಿಗೆ ಹಾಕಿದಾಗ ಮೊದಲು ಸಿಹಿ, ಮೃದುವಾಗಿ. ನಡುವೆ ಚೆನ್ನಾಗಿ ಸುಟ್ಟ ಬ್ರೆಡ್ಡಿನ ಅಂಚು. ಕಹಿ ತಡವಾಗಿ ಬರುತ್ತದೆ, ನುಂಗಿದ ಮೇಲೆ ಗಂಟಲ ಹತ್ತಿರ. ವೈನಿನವರು ರುಚಿ ನೋಡಿ ಉಗಿಯುತ್ತಾರೆ, ಬಿಯರಿಗೆ ಅದು ಸಲ್ಲದು. ನುಂಗಿ, ಬಾಯಿ ಮುಚ್ಚಿ, ಮೂಗಿನಿಂದ ಉಸಿರು ಬಿಡಬೇಕು. ಅರ್ಧ ರುಚಿ ಸಿಗುವುದು ಆಗಲೇ.

ಲೋಟವನ್ನು ಹಾಗೇ ಬಿಟ್ಟೆ. ಮುಂಬೈಯ ಸೆಕೆಗೆ ಬಿಯರ್ ಬೇಗ ಮೇಲೇರುತ್ತದೆ. ಹತ್ತು ಡಿಗ್ರಿಯ ಹತ್ತಿರ ಬಂದಾಗ ಬಿಯರೇ ಬೇರೆಯಾಯ್ತು. ಜೋನಿ ಬೆಲ್ಲ ಬಂತು, ಒಣದ್ರಾಕ್ಷಿ ಬಂತು. ಚಕ್ಕೋತ ಹಿಂದೆ ಸರಿಯಿತು. ಇಷ್ಟು ದಿನ ನಾವು ಏಲನ್ನೂ ಲಾಗರಿನ ಹಾಗೆ ಹಲ್ಲು ಜುಮ್ ಅನ್ನುವಷ್ಟು ತಣ್ಣಗೆ ಕೊಟ್ಟು, ಅದರ ಅರ್ಧ ಗುಣವನ್ನು ಮುಚ್ಚಿಡುತ್ತೇವಲ್ಲ ಅಂತ ನನಗೆ ನಿಜಕ್ಕೂ ಬೇಸರವಾಯ್ತು. ಬೆಚ್ಚಗಾದ ಮೇಲೆ ಇನ್ನೊಂದೂ ತಿಳಿಯಿತು. ಕೊನೆಯ ಗುಟುಕಿನಲ್ಲಿ ಸಿಹಿ ಜಾಸ್ತಿ. ತುಟಿಗೆ ತುಸು ಅಂಟುತ್ತದೆ. 1.014 ಅನ್ನುವ ಅಂಕಿ ಬಾಯಲ್ಲಿ ಕೂತಿತ್ತು.

ಇದು ನನ್ನ ನಾಲಿಗೆ. ಉಳಿದವರಿಗೆ ಏನನ್ನಿಸುತ್ತದೆ ಅಂತ ನೋಡಬೇಕಿತ್ತು, ಅದೂ ಹೆಸರು ಕಾಣದ ಹಾಗೆ. ಕಣ್ಣು ನಾಲಿಗೆಯನ್ನು ಹೇಗೆ ಆಳುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಬೋರ್ಡೋದ ಒಂದು ಪ್ರಯೋಗ ಪ್ರಸಿದ್ಧ, 2001ರಲ್ಲಿ ಪ್ರಕಟವಾದದ್ದು. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ವೈನ್ ಕಲಿಯುವ 54 ಮಂದಿಗೆ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ಬಣ್ಣಕ್ಕೇ ಇಷ್ಟು ಬಲ ಇದ್ದರೆ ಮನೆಯ ಹೆಸರಿಗೆ ಎಷ್ಟಿರಬೇಡ?

ಚಾ ಕೊಡುವ ಪಿಂಗಾಣಿ ಕಪ್ ತಂದೆ. ಬಣ್ಣ ಅಷ್ಟಾಗಿ ತಿಳಿಯುವುದಿಲ್ಲ. ಒಬ್ಬೊಬ್ಬರ ಮುಂದೆ ಮೂರು ಕಪ್. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆ ಬ್ರೂವರಿಯ ಅಂಬರ್ ಏಲ್. ಬೇರೆ ಯಾವುದು ಅಂತ ಮೊದಲು ಹೇಳಬೇಕು, ಇಷ್ಟ ಯಾವುದು ಅಂತ ಆಮೇಲೆ. ಕೂತವರು ಮಾವ, ನಮ್ಮ ಹಳೆಯ ಕ್ಯಾಪ್ಟನ್ (ಬಡಿಸುವವರ ಮುಖ್ಯಸ್ಥರು), ತಂದೂರಿನ ಅಣ್ಣ. ಸುರಿದವನು ನಾನಲ್ಲ, ಕೌಂಟರಿನ ಹುಡುಗ. ನನ್ನ ಮುಖ ನೋಡಿ ಅವರು ಹೇಳಬಾರದಲ್ಲ.

ಕ್ಯಾಪ್ಟನ್ ಮೂಸಿಯೇ ಬೇರೆಯದನ್ನು ಹಿಡಿದರು. ಮಾವ ಮೂರನ್ನೂ ಎರಡೆರಡು ಗುಟುಕು ಕುಡಿದು ಹಿಡಿದರು. ತಂದೂರಿನ ಅಣ್ಣನಿಗೆ ಸಿಗಲಿಲ್ಲ. ಬೆಳಿಗ್ಗೆಯಿಂದ ಹೊಗೆಯಲ್ಲಿ ನಿಂತವರು, ಅದು ಸಹಜ. ಇಷ್ಟ ಯಾವುದು ಅಂದಾಗ ಮಾವ ಬೇರೆಯವರ ಬಿಯರನ್ನು ಮುಂದೆ ತಳ್ಳಿದರು. "ಇದು ಕುಡಿದ್ರೆ ಇನ್ನೊಂದು ಬೇಕನ್ನಿಸ್ತದೆ. ಅದು ಒಂದಕ್ಕೇ ಸಾಕಾಗ್ತದೆ." ಕಪ್ಪಿನ ಅಡಿಯ ಚೀಟಿ ತೋರಿಸಿದೆ. "ಸಾಕಾಗುವುದು ನಮ್ಮದಾ? ಹಾಗಾದ್ರೆ ಸರಿ ಮಾಡಿಸು," ಅಂದರು, ಅಷ್ಟೇ. ನನಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚಾಯ್ತು.

ಊಟದ ಜೊತೆ ಕತೆ ಬೇರೆ. ಚಿಕನ್ ಘೀ ರೋಸ್ಟ್ ಜೊತೆ ಇದೇ ಬಿಯರ್ ಎದ್ದು ನಿಲ್ಲುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಹುರಿದಾಗ ಬರುವ ಆ ಸಿಹಿಮಿಶ್ರಿತ ಘಮ ಮಾಲ್ಟಿನ ಘಮಕ್ಕೆ ಹತ್ತಿರದ ನಂಟು. ಎರಡೂ ಹುರಿದು ಬಂದ ರುಚಿಗಳಲ್ಲವಾ? ತುಪ್ಪದ ಜಿಡ್ಡನ್ನು ಬಿಯರಿನ ಗುಳ್ಳೆ ತೊಳೆಯುತ್ತದೆ. ಬರೀ ಕುಡಿದಾಗ ಜಾಸ್ತಿ ಅನ್ನಿಸಿದ ಸಿಹಿ ಇಲ್ಲಿ ಖಾರವನ್ನು ತಣಿಸುತ್ತದೆ. ಕಹಿ ಹೆಚ್ಚಿರುವ ಬಿಯರಿಗೆ ಈ ಗುಣ ಇಲ್ಲ, ಅದು ಖಾರವನ್ನು ಇನ್ನೂ ಕೆರಳಿಸುತ್ತದೆ. ರವಾ ಹಾಕಿ ಹುರಿದ ಕಾಣೆಗೂ ನಡೆಯಿತು. ಬಂಗುಡೆ ಪುಳಿಮುಂಚಿಗೆ ಮಾತ್ರ ಬೇಡ. ಹುಳಿ ಮುಂದೆ ಬಂದು ಮಾಲ್ಟ್ ಸಪ್ಪೆಯಾಗುತ್ತದೆ, ಹಾಪ್‌ನ ಕಹಿ ಒರಟಾಗುತ್ತದೆ. ಗೋಳಿಬಜೆ ಜೊತೆ ಚೆನ್ನ, ತೆಂಗಿನ ಚಟ್ನಿ ಇಲ್ಲದಿದ್ದರೆ ಇನ್ನೂ ಚೆನ್ನ.

ನೆಂಟರು ಕೆಲವರು ಗ್ರೌಲರಿನಲ್ಲಿ, ಅಂದರೆ ಬಿಯರ್ ಒಯ್ಯುವ ದೊಡ್ಡ ಬಾಟಲಿಯಲ್ಲಿ, ತುಂಬಿಸಿಕೊಂಡು ಶೋಕೇಸಿನಲ್ಲಿ ಇಡುತ್ತೇವೆ ಅಂದರು. ಬೇಡ ಅಂತ ಕೈ ಮುಗಿದು ಹೇಳಿದೆ. ಇಟ್ಟು ಕುಡಿಯುವ ನೆನಪಿನ ಬಿಯರುಗಳು ಇವೆ. ಇಂಗ್ಲೆಂಡಿನ ಬರ್ಟನ್‌ನಲ್ಲಿ ಬಾಸ್ ಬ್ರೂವರಿಯವರು 1902ರಲ್ಲಿ ಏಳನೇ ಎಡ್ವರ್ಡ್ ದೊರೆ ಬಂದಾಗ ಹಾಕಿದ ಕಿಂಗ್ಸ್ ಏಲ್ ಅಂಥದ್ದು. ಅದು ಆಲ್ಕೋಹಾಲ್ ತುಂಬಾ ಹೆಚ್ಚಿದ್ದ ಏಲ್, ದಶಕಗಳು ಬಾಳಿತು. ಶೇಕಡ 5ರ ಅಂಬರ್ ಏಲಿಗೆ ಆ ಶಕ್ತಿ ಇಲ್ಲ. ಮೊದಲು ಹಾಪ್‌ನ ಘಮ ಹೋಗುತ್ತದೆ, ಆಮೇಲೆ ಗಾಳಿ ತಾಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಗ್ರೌಲರಿಗೆ ತುಂಬಿಸಿದ್ದನ್ನು ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಬೇಕು. ಶೋಕೇಸಿಗೆ ಖಾಲಿ ಗ್ರೌಲರ್ ಸಾಕು.

ಈಗ ಕೌಂಟರಿನ ಹುಡುಗರು ಫ್ರೀಜರಿನಲ್ಲಿ ಲೋಟ ಇಡುವುದಿಲ್ಲ. ಅಂಬರ್ ಏಲ್ 8ರಿಂದ 10 ಡಿಗ್ರಿಯಲ್ಲಿ ಹೋಗುತ್ತದೆ. ಚಿಲ್ಡ್ ಬೇಕು ಅನ್ನುವವರಿಗೆ ಮೊದಲು ಒಂದು ಗುಟುಕು ಹೀಗೇ ಕೊಟ್ಟು ನೋಡಿ ಅಂದಿದ್ದೇನೆ. ಒಪ್ಪುವವರೇ ಜಾಸ್ತಿ. ಮುಂದಿನ ಬ್ಯಾಚಿಗೆ ಬ್ರೂವರ್ ಜೊತೆ ಕೂತು ಎರಡು ಬದಲಾವಣೆ ಬರೆಸಿದ್ದೇನೆ. ಈ ಸಲ ಸಕ್ಕರೆ ಬಿಡಿಸಲು ಮಾಲ್ಟನ್ನು 68 ಡಿಗ್ರಿ ಬಿಸಿನೀರಿನಲ್ಲಿ ನೆನೆಸಿದ್ದರು, ಮುಂದಿನ ಸಲ 65. ಆಗ ಯೀಸ್ಟಿಗೆ ತಿನ್ನಲು ಸಿಗುವ ಸಕ್ಕರೆ ಹೆಚ್ಚುತ್ತದೆ, ಬಿಯರ್ 1.011ರ ಹತ್ತಿರ ಇಳಿಯಬೇಕು. ಕ್ರಿಸ್ಟಲ್ ಮಾಲ್ಟ್ ಸ್ವಲ್ಪ ಕಡಿಮೆ. ಹಾಪ್ ಮುಟ್ಟುವುದು ಬೇಡ, ಆ ಚಕ್ಕೋತದ ಸಿಪ್ಪೆ ಹಾಗೇ ಇರಲಿ ಅಂದಿದ್ದೇನೆ.